ಹಗೇವಿನೊಳಗಿನ ಗಾಳಿ

ನಮ್ಮ ದೊಡ್ಡಪ್ಪ ಯಾರ ಮೇಲೂ ಕೈ ಎತ್ತಿದವನಲ್ಲ. ಈ ಮಾತನ್ನು ಊರಿನವರೂ ಹೇಳುತ್ತಿದ್ದರು, ಅವನೂ ಹೇಳಿಕೊಳ್ಳುತ್ತಿದ್ದ. ಕೈ ಎತ್ತುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ. ಅವ್ವ ಎಲ್ಲರ ಊಟ ಮುಗಿಸಿ, ಪಾತ್ರೆ ಬಳಿದು, ಕೊನೆಗೆ ತಾನು ತಾಟಿನ ಮುಂದೆ ಕೂತಳೆಂದರೆ ಪಡಸಾಲೆಯಿಂದ ಅವನ ದನಿ ಬರುತ್ತಿತ್ತು. "ನೀರು." ಅವ್ವ ಎದ್ದು ನೀರು ಕೊಟ್ಟು ಬಂದು ರೊಟ್ಟಿ ಮುರಿಯುವಷ್ಟರಲ್ಲಿ, "ಎಲಿ ಅಡಕಿ ತಾ." ಅದನ್ನು ಕೊಟ್ಟು ಬಂದರೆ, "ದನಕ್ಕ ಮೇವು ಹಾಕೀರೇನು, ನೋಡಿ ಬಾ." ಹೀಗೆ ಎಬ್ಬಿಸುವಾಗ ಅವನು ಮಗನ ಕಡೆ ನೋಡಿ ತುಟಿಯಂಚಿನಲ್ಲಿ ನಗುತ್ತಿದ್ದ. ಅವರಿಬ್ಬರಿಗೆ ಅದೊಂದು ಆಟವಾಗಿತ್ತು. ಅವ್ವನ ರೊಟ್ಟಿ ಒಣಗಿ ಬಿರುಸಾಗುವ ತನಕ ಆಟ ನಡೆಯುತ್ತಿತ್ತು.

ಅಪ್ಪ ಹೊಲದಲ್ಲಿ ಹಾವು ಕಡಿದು ತೀರಿಕೊಂಡಾಗ ನಾನಿನ್ನೂ ಕನ್ನಡ ಸಾಲಿಯ ಹುಡುಗಿ. ಅಂದಿನಿಂದ ಅವ್ವ ಆ ಮನೆಯಲ್ಲಿ ಸೊಸೆಯಾಗಿ ಉಳಿಯಲಿಲ್ಲ, ಆಳೂ ಆಗಲಿಲ್ಲ. ಆಳಿಗೆ ಹೊತ್ತು ಮುಳುಗಿದರೆ ಮನೆಗೆ ಹೋಗುವ ಹಕ್ಕಾದರೂ ಇರುತ್ತದೆ. ದೊಡ್ಡಪ್ಪನ ಮಗ, ನಾನು ಅಣ್ಣ ಎನ್ನುತ್ತಿದ್ದವನು, ಗರಡಿಯ ತಾಲೀಮಿಗೆ ಹೋಗಿ ಮೈ ಬೆಳೆಸಿದ್ದ. ಮುಧೋಳದಿಂದ ತಂದ ಉದ್ದ ಕಾಲಿನ ನಾಯಿಯೊಂದನ್ನು ಸಾಕಿದ್ದ. ಅವ್ವ ಹೊಳೆಯಿಂದ ಕೊಡ ಹೊತ್ತು ಬರುವ ಹೊತ್ತಿಗೆ ಸರಿಯಾಗಿ ಅದನ್ನು ಬಿಡುತ್ತಿದ್ದ. ನಾಯಿ ಕಚ್ಚುತ್ತಿರಲಿಲ್ಲ, ಸುಮ್ಮನೆ ಬೆನ್ನಟ್ಟುತ್ತಿತ್ತು. ಅವ್ವ ಓಡುವುದನ್ನು, ಕೊಡದ ನೀರು ಮೈಮೇಲೆ ಚೆಲ್ಲುವುದನ್ನು ಅವನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

ನನ್ನನ್ನು ಆ ಮನೆಯಿಂದ ಅರ್ಧ ಬಿಡಿಸಿದವನು ನನ್ನ ಸೋದರಮಾವ. ಅವನು ಜಮಖಂಡಿಯಲ್ಲಿ ಸಾಲಿ ಮಾಸ್ತರ. ಹತ್ತನೇ ಇಯತ್ತೆ ಮುಗಿದ ಮೇಲೆ ನನ್ನನ್ನು ಕರೆದೊಯ್ದು ತನ್ನ ಮನೆಯಲ್ಲಿಟ್ಟುಕೊಂಡು ಪಿಯುಸಿಗೆ ಹಾಕಿದ, ಅದೂ ಸೈನ್ಸಿಗೆ. ರಜೆಗೆ ಊರಿಗೆ ಬಂದಾಗ ನನ್ನ ಕೆಮಿಸ್ಟ್ರಿ ಪುಸ್ತಕದ ಹಾಳೆ ಹರಿದು ದೊಡ್ಡಪ್ಪ ತಂಬಾಕು ಕಟ್ಟಿಕೊಳ್ಳುತ್ತಿದ್ದ. "ಓದಿದ್ದು ತಲ್ಯಾಗ ಹೋಗಿರತೈತಲ್ಲ, ಹಾಳಿ ಯಾಕ ಬೇಕು?" ಎನ್ನುತ್ತಿದ್ದ.

ನಮ್ಮ ಊರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗಿತ್ತು. ಈಗ ಇಲ್ಲ. ಆಗ ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹೆಚ್ಚು ಕಾಲ ಆಗಿರಲಿಲ್ಲ. ಆಲಮಟ್ಟಿಯ ಹಿನ್ನೀರು ವರ್ಷವರ್ಷಕ್ಕೆ ಮೇಲೇರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅದು ನಮ್ಮ ಹಿತ್ತಲಿನ ಬೇಲಿಯ ತನಕ ಬಂದು, ಕೆಲವು ದಿನ ನಿಂತು, ಹಿಂದೆ ಸರಿದಿತ್ತು. ಮುಂದಿನ ಮಳೆಗೆ ಸರಿಯುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಆ ಬೇಸಿಗೆಯಲ್ಲಿ ಊರೆಲ್ಲ ತನ್ನನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಜನ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋಗುತ್ತಿದ್ದರು. ಹಿಂದೆ ಉಳಿದ ಗೋಡೆಗಳು ಕಣ್ಣು ಬಾಯಿ ಕಿತ್ತಂತೆ ಕಾಣುತ್ತಿದ್ದವು.

ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ಹಗೇವು. ಅಂಗಳದಲ್ಲಿ ನೆಲದ ಕೆಳಗೆ ತೋಡಿದ, ಜೋಳ ತುಂಬಿಡುವ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಒಳಗೆ ಹೊಟ್ಟೆ ಕೋಣೆಯಷ್ಟು ದೊಡ್ಡದು. ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿಬಿಟ್ಟರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಎರಡು ಮೂರು ವರ್ಷದ ಹಿಂದೆ ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ್ದರು. ಆಮೇಲೆ ಹಿನ್ನೀರು ಬಂದು ಹೋಗಿತ್ತಲ್ಲ, ಅಂಗಳದ ನೆಲ ಬೇಸಿಗೆಯಲ್ಲೂ ಹಸಿಹಸಿಯಾಗಿತ್ತು.

ನಾನು ಆಗ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ಬಂದಿದ್ದೆ. ಸಾಮಾನು ಕಟ್ಟಲು ಅವ್ವನಿಗೆ ಕೈಯಾಗಲಿ ಎಂದು ಮಾವ ಕಳಿಸಿದ್ದ. ಅವತ್ತು ಮಧ್ಯಾಹ್ನ ಊರಿನ ಬೇರೆಯವರ ಸಾಮಾನು ಇಳಿಸಿ ಟ್ರ್ಯಾಕ್ಟರ್ ನಮ್ಮ ಅಂಗಳಕ್ಕೆ ಬಂತು. ಅದು ಬಂದು, ಮನೆಯ ಉಳಿದ ಸಾಮಾನು ಅದಕ್ಕೆ ಹೇರಿದ ಮೇಲೇ ದೊಡ್ಡಪ್ಪ ಹಗೇವಿನ ಕಲ್ಲು ತೆಗೆಸಿದ. ಅಲ್ಲಿಯ ತನಕ ಎಷ್ಟು ಹೇಳಿದರೂ ತೆಗೆಸಿರಲಿಲ್ಲ. ತೆರೆದಿಟ್ಟರೆ ಮಂದಿ ಜೋಳ ಕದಿಯುತ್ತಾರೆಂಬುದು ಅವನ ಅನುಮಾನ.

ಕಲ್ಲು ಸರಿಯುತ್ತಲೇ ಹುಳಿತ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಪ್ರತಿ ಸಲ ಹಗೇವಿಗೆ ಇಳಿಯುತ್ತಿದ್ದವನು ನಮ್ಮ ಮನೆಯ ಹಳೇ ಆಳು. ನಾನೂ ಅವ್ವನೂ ಅವನನ್ನು ಕಾಕಾ ಎನ್ನುತ್ತಿದ್ದೆವು. ಕಾಕಾ ಕಂದೀಲು ಹಚ್ಚಿ ಹಗ್ಗ ಕಟ್ಟಿ ಒಳಗೆ ಬಿಟ್ಟ. ಅದು ಬಾಯಿ ದಾಟಿ ಒಂದು ಮಾರು ಇಳಿಯುವುದರೊಳಗೆ ಆರಿತು. ಎಣ್ಣೆ ನೋಡಿ, ಬತ್ತಿ ಏರಿಸಿ ಮತ್ತೆ ಬಿಟ್ಟ. ಮತ್ತೆ ಅದೇ ಜಾಗದಲ್ಲಿ ಆರಿತು.

"ನಾ ಇಳಿಯೂದಿಲ್ರಿ," ಎಂದ ಕಾಕಾ. "ನಾಳಿ ತನಕ ತೆರೆದಿಡ್ರಿ. ಹಗ್ಗಕ್ಕ ತೊಪ್ಪಲ ಕಟ್ಟಿ ಒಳಗ ಬಿಟ್ಟ ಆಡಿಸೂಣು. ಆಮ್ಯಾಲ ನೋಡೂಣು."

"ನಾಳಿ ಟ್ರ್ಯಾಕ್ಟರ್ ನಿಮ್ಮಪ್ಪ ತರತಾನೇನಲೇ?" ಎಂದ ದೊಡ್ಡಪ್ಪ.

ಆಗ ನಾನು ಬಾಯಿ ಹಾಕಿದೆ. "ದೊಡ್ಡಪ್ಪಾ, ಕಾಕಾ ಹೇಳೂದು ಖರೆ ಐತಿ. ಅದರಾಗ ಕಾರ್ಬನ್ ಡೈಆಕ್ಸೈಡ್ ತುಂಬೇತಿ. ಜೋಳನೂ ಉಸಿರಾಡತೈತಿ. ಹಸಿ ಹಿಡದ ಹುಳತ ಜೋಳ ಇನ್ನೂ ಜಾಸ್ತಿ ಬಿಡತೈತಿ."

"ಕೇಳ್ರಿ, ಜೋಳ ಉಸಿರಾಡತೈತೆಂತ!" ದೊಡ್ಡಪ್ಪ ಕೂಡಿದ್ದ ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗಿದ. ಎಲ್ಲರೂ ನಕ್ಕರು. "ಬಾಯಿ ತೆಗದೇವಲ್ಲ, ಇದ್ದ ಗಾಳಿ ಹೊರಗ ಹೋಗತೈತಿ ಬಿಡು."

"ಹೋಗೂದಿಲ್ಲ. ಅದು ಭಾರ ಐತಿ. ತಳದಾಗ ಕುಂತಿರತೈತಿ."

"ಗಾಳಿ ಭಾರ ಐತಿ?"

"ಐತ್ರಿ."

"ತಕ್ಕಡಿ ತಗೊಂಡ ಬರ್ಲಿ ಏನ್ ಬೇ?" ಎಂದ ಅಣ್ಣ. ಮತ್ತೆ ನಗು.

ಅನಿಲದ ನಿಯಮ ಆಗ ನನ್ನ ತಲೆಯಲ್ಲಿ ಪರೀಕ್ಷೆಯ ಬಿಸಿಯಲ್ಲೇ ಇತ್ತು. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಬರುವುದು ಅನಿಲದಲ್ಲಿ ಎಷ್ಟು ಅಣುಗಳಿವೆ, ಎಷ್ಟು ಬಿಸಿಯಿದೆ ಎಂಬುದರ ಮೇಲೆ ನಿಂತಿರುತ್ತದೆ. ಅದನ್ನೇ ಸ್ವಲ್ಪ ತಿರುಗಿಸಿ ಬರೆದರೆ ಸಾಂದ್ರತೆ ಸಿಗುತ್ತದೆ. ಒತ್ತಡ ಒಂದೇ ಇದ್ದಾಗ ಅಣುತೂಕ ಹೆಚ್ಚಿದಷ್ಟೂ ಅನಿಲ ಭಾರ, ಬಿಸಿ ಹೆಚ್ಚಿದಷ್ಟೂ ಹಗುರ. ಹೊರಗಿನ ಗಾಳಿ ಮಿಶ್ರಣ. ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್, ಅದರ ಅಣುತೂಕ ಇಪ್ಪತ್ತೆಂಟು. ಉಳಿದ ಪಾಲು ಆಕ್ಸಿಜನ್, ಅದರದು ಮೂವತ್ತೆರಡು. ಪಾಲಿನ ಪ್ರಕಾರ ಸರಾಸರಿ ಹಿಡಿದರೆ ಇಡೀ ಮಿಶ್ರಣಕ್ಕೆ ಇಪ್ಪತ್ತೊಂಬತ್ತು. ಕಾರ್ಬನ್ ಡೈಆಕ್ಸೈಡಿನದು ನಲವತ್ತನಾಲ್ಕು. ಮುಚ್ಚಿದ ಹಗೇವಿನಲ್ಲಿ ಜೋಳ ಆಕ್ಸಿಜನ್ ಎಳೆದುಕೊಂಡು ಅದರ ಜಾಗದಲ್ಲಿ ಇದನ್ನು ಬಿಟ್ಟಷ್ಟೂ ಒಳಗಿನ ಮಿಶ್ರಣ ಭಾರವಾಗುತ್ತ ಹೋಗುತ್ತದೆ. ಮೇಲಾಗಿ ಹೊರಗೆ ಬೀಳಗಿಯ ಮೇ ತಿಂಗಳ ಮಧ್ಯಾಹ್ನ, ಸುಡುವ ಹಗುರ ಗಾಳಿ. ಒಳಗೆ ನೆಲದ ತಂಪು. ಬೆಳಗಿನ ತಂಪಿನಲ್ಲಿ ತೆಗೆದಿದ್ದರೆ ಒಳಹೊರಗಿನ ಅಂತರ ಇಷ್ಟು ಇರುತ್ತಿರಲಿಲ್ಲ. ಹಗುರದ್ದು ಮೇಲೆ, ಭಾರದ್ದು ಕೆಳಗೆ. ಬಾಯಿ ತೆರೆದರೂ ಅದು ಬಾವಿಯ ನೀರಿನಂತೆ ಕೂತೇ ಇರುತ್ತದೆ.

ಇದನ್ನೆಲ್ಲ ಹೇಳಲು ನನಗೆ ಯಾರೂ ಬಿಡಲಿಲ್ಲ. ದೊಡ್ಡಪ್ಪ ಬಚ್ಚಲಿನಿಂದ ಬಕೀಟು ತರಿಸಿ ನನ್ನ ಕಾಲ ಮುಂದೆ ಇಡಿಸಿದ. "ಭಾರ ಐತಿ ಅಂದಿ. ಭಾರ ಇದ್ದದ್ದನ್ನ ಸೇದಬಹುದಲ್ಲ. ಸೇದು. ಸೇದಿ ಹೊರಗ ಚೆಲ್ಲು. ಎಲ್ಲಾರೂ ನೋಡ್ಲಿ ನಿನ್ನ ಶಾಣ್ಯಾತನ."

ಅವನು ಅದನ್ನು ಚೇಷ್ಟೆಗೆ ಹೇಳಿದ್ದ. ನಾನು ಬಕೀಟಿಗೆ ಹಗ್ಗ ಕಟ್ಟಿದೆ. ಕೆಳಗೆ ಬಿಟ್ಟು, ಓರೆ ಮಾಡಿ, ಮೇಲೆಳೆದು, ಅಂಗಳದ ಇಳಿಜಾರಿನ ಕಡೆ ಬಗ್ಗಿಸಿ ಚೆಲ್ಲಿದೆ. ಖಾಲಿ ಬಕೀಟು ಇಳಿಯಿತು, ಖಾಲಿ ಬಕೀಟು ಏರಿತು. ನೋಡುವವರಿಗೆ ನಾನು ಹುಚ್ಚಿಯಂತೆ ಕಂಡಿರಬೇಕು. ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಯವ್ವಾ, ಹೌರಗ ಸೇದು, ಒಂದೀಟ ಜೋಳದ ಮ್ಯಾಲ ಚೆಲ್ಲೀತು," ಎಂದಳು. ಅಣ್ಣ ಬಂದು ಬಕೀಟಿನೊಳಗೆ ಇಣುಕಿ, "ತುಂಬೇತಿ ತುಂಬೇತಿ" ಎಂದು ತಲೆಯ ಮೇಲೆ ಸುರಿದುಕೊಂಡ ಹಾಗೆ ಮಾಡಿದ. ಟ್ರ್ಯಾಕ್ಟರಿನ ಡ್ರೈವರನೂ ಇಳಿದು ಬಂದು ನಿಂತ. ಬಿಸಿಲಿಗೂ ನಾಚಿಕೆಗೂ ಮುಖ ಸುಡುತ್ತಿತ್ತು. ಆದರೂ ಬಿಡಲಿಲ್ಲ. ನಗದೆ ಇದ್ದವರು ಇಬ್ಬರೇ, ಅವ್ವ ಮತ್ತು ಕಾಕಾ. ನಾನು ದಣಿದಾಗ ಹಗ್ಗ ಕಾಕಾ ತಗೊಂಡ.

ಬಹಳ ಹೊತ್ತಿನ ಮೇಲೆ ಕಂದೀಲು ಬಿಟ್ಟು ನೋಡಿದೆವು. ಮೊದಲಿಗಿಂತ ಕೈಯಷ್ಟು ಕೆಳಗೆ ಹೋಗಿ ಆರಿತು.

"ಕಮ್ಮಿ ಆಗೇತಿ," ಎಂದೆ. "ಹಿಂಗ ಸಂಜೀತನಕ ಮಾಡಿದ್ರ ಆಗತೈತಿ."

ಡ್ರೈವರ್ ಹಾರ್ನ್ ಒತ್ತಿದ. ದೊಡ್ಡಪ್ಪನಿಗೆ ನಗು ಸಾಕಾಗಿತ್ತು. ಅವನು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ನೀ ಇಳಿ. ನಿನ್ನ ಮೈ ಸಣ್ಣದೈತಿ, ಬಾಯಾಗ ಸಲೀಸ ಹೋಗತಿ. ಪುಟ್ಟಿ ತುಂಬಿ ಕೊಡು, ಮ್ಯಾಲ ಈ ಆಳ ಎಳಕೋತಾನ."

ಅವ್ವ ಅವನ ಮುಖ ನೋಡಿದಳು.

"ಹೊಸ ಊರಾಗ ತಾಯಿಮಗಳಿಗೆ ಒಂದ ಖೋಲಿ ಬೇಕೋ ಬ್ಯಾಡೋ?" ಎಂದ ಅವನು. "ಬ್ಯಾಡಾಗಿದ್ರ ಹೇಳಿಬಿಡು."

ಅವ್ವ ಸೀರೆಯ ಕಚ್ಚೆ ಹಾಕಿದಳು. ನಾನು ಅವಳ ಕೈ ಹಿಡಿದು, "ಅವ್ವಾ, ಬ್ಯಾಡ. ಸಾಯ್ತಿ," ಎಂದೆ. ಅದು ದೊಡ್ಡ ದನಿಯಲ್ಲೇ ಬಂತು, ಎಲ್ಲರಿಗೂ ಕೇಳಿತು. "ಇದರಾಗ ಯಾರ ಇಳದ್ರೂ ಸಾಯ್ತಾರ."

"ಥೂ, ಒಳ್ಳೇ ಮಾತ ಬರಲಿ ಬಾಯಾಗ," ಎಂದಳು ದೊಡ್ಡವ್ವ.

ಅವ್ವ ನನಗಷ್ಟೇ ಕೇಳುವಂತೆ ಹೇಳಿದಳು. "ನಿನಗ ಇನ್ನ ಓದೂದೈತಿ. ಮನಿ ಇಲ್ಲಂದ್ರ ಎಲ್ಲಿ ಹೋಗೂಣು?"

ಅವಳನ್ನು ನಿಲ್ಲಿಸಲು ಆಗುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಮಾಡಿದ್ದು ಒಂದೇ. ದನ ಕಟ್ಟುವ ಹೊಸ ಹಗ್ಗ ತಂದು ಅವಳ ಕಂಕುಳ ಕೆಳಗೆ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಇನ್ನೊಂದು ತುದಿಯನ್ನು ಕಾಕಾ ತನ್ನ ಸೊಂಟಕ್ಕೆ ಸುತ್ತಿಕೊಂಡು ಕಾಲೂರಿ ನಿಂತ. ಕಂದೀಲನ್ನು ಅವಳ ಕಾಲಿನ ಕೆಳಗೆ ಜೋತು ಬಿಟ್ಟೆ. "ಅದು ಆರಿದ್ರ ಎಳೀತೇವು. ಮಾತಾಡಬ್ಯಾಡ, ಉಸಿರ ಹಿಡಿ," ಎಂದೆ.

ಹಗೇವಿನ ಗೋಡೆಗೆ ಕಾಲಿಡಲು ಗೂಡು ಕೊರೆದಿದ್ದರು. ಅವ್ವ ಒಂದೊಂದೇ ಇಳಿದಳು. ಸೊಂಟ ಮರೆಯಾಯಿತು, ಭುಜ ಮರೆಯಾಯಿತು, ಕೊನೆಗೆ ತಲೆಯ ಬೈತಲೆಯಷ್ಟೇ ಕಾಣುತ್ತಿತ್ತು. ಕಂದೀಲು ಆರಿತು. "ಎಳಿ ಕಾಕಾ!" ಎಂದು ಚೀರಿದೆ. ಎಳೆಯುವಷ್ಟರಲ್ಲೇ ಅವಳ ಕಾಲು ಗೂಡಿನಿಂದ ತಪ್ಪಿ, ಸಡಿಲಿದ್ದ ಹಗ್ಗದೊಂದಿಗೆ ಒಂದೂವರೆ ಮಾರು ಕೆಳಗೆ ಜಾರಿದ ಮೇಲೆ ಹಗ್ಗದ ಮೇಲೆ ಭಾರ ಬಿತ್ತು. ಕಾಕಾ, ನಾನು, ಡ್ರೈವರ್ ಮೂವರೂ ಸೇರಿ ಎತ್ತಿ ಹಾಕಿದೆವು. ಅವ್ವ ಅಂಗಳದ ಧೂಳಿನಲ್ಲಿ ಬಾಯಿ ತೆರೆದು ಬಿದ್ದಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣ. ಆಮೇಲೆ ಎದೆ ಒಮ್ಮೆ ಜೋರಾಗಿ ಏರಿತು, ವಾಂತಿ ಮಾಡಿಕೊಂಡಳು.

ಒಳಗೆ ಒಟ್ಟು ಒತ್ತಡ ಹೊರಗಿನಷ್ಟೇ ಇರುತ್ತದೆ. ಅದಕ್ಕೇ ಇಳಿದವರಿಗೆ ಕಿವಿ ಒತ್ತುವುದಿಲ್ಲ, ಎದೆ ಬಿಗಿಯುವ ತನಕ ಬೇರೆ ಏನೂ ತಿಳಿಯುವುದಿಲ್ಲ. ಆದರೆ ಮಿಶ್ರಣದಲ್ಲಿ ಪ್ರತಿ ಅನಿಲವೂ ತನ್ನ ಪಾಲಿನ ಒತ್ತಡವನ್ನಷ್ಟೇ ಹಾಕುತ್ತದೆ. ರಕ್ತಕ್ಕೆ ಬೇಕಾದ್ದು ಆಕ್ಸಿಜನ್ನಿನ ಪಾಲು, ಒಟ್ಟು ಅಲ್ಲ. ಎದೆ ತುಂಬ ಎಳೆದುಕೊಂಡರೂ ಅದರಲ್ಲಿ ಬದುಕುವಷ್ಟು ಇರುವುದಿಲ್ಲ. ಕಾರ್ಬನ್ ಡೈಆಕ್ಸೈಡಿನ ಪಾಲು ಬಹಳ ಏರಿದರೆ ಅದೊಂದೇ ಮನುಷ್ಯನನ್ನು ಕೆಡವುತ್ತದೆ.

ದೊಡ್ಡಪ್ಪ ವಾಂತಿಯ ಕಡೆಯಿಂದ ಮುಖ ತಿರುಗಿಸಿದ. "ಮಗಳು ಹೇಳಿಕೊಟ್ಟಾಳ, ತಾಯಿ ಛಲೋ ನಾಟಕ ಮಾಡ್ಯಾಳ," ಎಂದ. ಆಮೇಲೆ ಮಗನಿಗೆ ಹೇಳಿದ. "ಹೆಂಗಸೂರು ಆಳುಗೋಳು ಕೂಡಿ ನಮ್ಮನ್ನ ಕುಣಸಾಕತ್ತಾರ. ನೋಡಕೋತ ನಿಂತೀಯಲ್ಲೋ, ಗಂಡಸ ಹೌದಿಲ್ಲೋ ನೀ?"

ಅಣ್ಣ ಅಂಗಿ ಬಿಚ್ಚಿ ನಾಯಿಯ ಮೇಲೆ ಎಸೆದ. ಅವನಿಗೆ ಮದುವೆ ಗೊತ್ತಾಗಿತ್ತು, ಬೆರಳಲ್ಲಿ ಹೊಸ ಉಂಗುರವಿತ್ತು. ಕಾಕಾ ಹಗ್ಗ ಹಿಡಿದು ಅಡ್ಡ ಹೋದ. "ಇದನ್ನರೆ ಕಟ್ಟಕೋರಿ, ನಿಮ್ಮ ಕಾಲ ಬೀಳ್ತೇನಿ."

"ಹಗ್ಗ ದನಕ್ಕ ಕಟ್ಟೂದು," ಎಂದು ಅಣ್ಣ ಅವ್ವನ ಕಡೆ ನೋಡಿ ನಕ್ಕ. ಗೂಡಿಗೆ ಕಾಲಿಡದೆ ಬಾಯಿಯ ಅಂಚು ಹಿಡಿದು ಜೋತಾಡಿ ಕೆಳಕ್ಕೆ ಜಿಗಿದ.

ಜೋಳದ ಮೇಲೆ ದೊಪ್ಪೆಂದು ಬಿದ್ದ ಸದ್ದು ಬಂತು. "ಏನೂ ಇಲ್ಲೋ ಯಪ್ಪಾ..." ಎಂದ. ಇನ್ನೇನೋ ಹೇಳಲು ಹೊರಟ. ಆ ಮಾತಿಗೆಂದು ಒಳಗೆಳೆದ ಉಸಿರೇ ಅವನನ್ನು ಮುಗಿಸಿತು. ಧಪ್ಪನೆ ಕೂತ ಸದ್ದು. ಆಮೇಲೆ ಜೋಳ ಸರಿಯುವ ಸದ್ದು.

ದೊಡ್ಡಪ್ಪ ಕರೆದ. ಮತ್ತೆ ಕರೆದ. ಬಾಯಿಯ ಹತ್ತಿರ ಮಂಡಿಯೂರಿ ಹೆಸರು ಹಿಡಿದು ಒದರಿದ. ಆಗ ಎದ್ದು ನೇರ ಅವ್ವನ ಹತ್ತಿರ ಬಂದ. ಅವಳಿನ್ನೂ ನೆಲದ ಮೇಲೇ ಇದ್ದಳು. ಅವಳ ರಟ್ಟೆ ಹಿಡಿದು ಹಗೇವಿನ ಕಡೆ ಎಳೆದ. ಕೈ ಎತ್ತದವನು ಎಂದು ಹೆಸರಾದವನು ಅವನು. "ಇಳಿ! ನಿನಗ ದಾರಿ ಗೊತ್ತಾಗೇತಿ. ಇಳದ ಅವನಿಗೆ ಹಗ್ಗ ಕಟ್ಟು!"

ನಾನು ಅವ್ವನ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದೆ. "ಆಕೀಗೆ ನಿಲ್ಲಾಕ ಆಗವಲ್ತು, ಸಾಯ್ತಾಳ!"

"ಸತ್ತರ ಸಾಯ್ಲಿ! ಈಕೀ ಜೀವ ಯಾರಿಗ ಬೇಕಾಗೇತಿ?"

ಅಷ್ಟು ಜನರ ಮುಂದೆ ಹಾಗೆಂದ. ಕಾಕಾ ಬಂದು ದೊಡ್ಡಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಕಾಕಾ ಆಮೇಲೆ ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ತಾನೇ ಇಳಿಯಲು ನಿಂತ. ನಾನು ಬಿಡಲಿಲ್ಲ. ಒದ್ದೆ ಬಟ್ಟೆ ಧೂಳು ತಡೆಯುತ್ತದೆ, ಇಲ್ಲದ ಆಕ್ಸಿಜನ್ ತರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿದ್ದ ಸಾಮಾನಿನ ಮೇಲೆ ರಾಶಿ ತೂರುವ ಕೈ ಫ್ಯಾನ್ ಇತ್ತು. ಡ್ರೈವರನಿಗೆ ಅದನ್ನು ಇಳಿಸಲು ಹೇಳಿ, ಸಾಮಾನಿಗೆ ಹೊದಿಸುವ ತಾಡಪತ್ರಿಯನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಫ್ಯಾನಿನ ಮುಂದೆ, ಇನ್ನೊಂದು ಹಗೇವಿನೊಳಗೆ ಇಟ್ಟೆ. ಇಬ್ಬರು ಹಿಡಿಕೆ ತಿರುವತೊಡಗಿದರು. ಭಾರವಾದದ್ದನ್ನು ಮೇಲೆಬ್ಬಿಸಬೇಕಾದರೆ ಹೊಸ ಗಾಳಿ ತಳಕ್ಕೇ ಮುಟ್ಟಬೇಕು. ಅಷ್ಟರಲ್ಲಿ ಕಾಕಾ ನೆರೆಮನೆಯಿಂದ ಪಾತಾಳಗರಡಿ ತಂದ. ಬಾವಿಯಲ್ಲಿ ಬಿದ್ದ ಕೊಡ ತೆಗೆಯಲು ಬಳಸುವ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣ ಅದು.

ಮೊದಲ ಸಲ ಕೊಕ್ಕೆ ಪ್ಯಾಂಟಿನ ಬೆಲ್ಟಿಗೆ ಸಿಕ್ಕು ಅರ್ಧ ಎತ್ತುವಾಗ ಹರಿಯಿತು. ಅವನು ಮತ್ತೆ ಕೆಳಗೆ ಬಿದ್ದ. ಎರಡನೇ ಸಲ ಎಲ್ಲಿ ಸಿಕ್ಕಿತೋ ತಿಳಿಯಲಿಲ್ಲ, ಗಟ್ಟಿಯಾಗಿ ಸಿಕ್ಕಿತು. ಮೇಲೆ ಬಂದಾಗ ನೋಡಿದೆವು. ಕೊಕ್ಕೆ ಕಂಕುಳ ಕೆಳಗೆ ಮಾಂಸದೊಳಗೆ ಇಳಿದಿತ್ತು. ತಾಲೀಮಿನ ಆ ಮೈ ನೀರಿನಿಂದ ತೆಗೆದ ಚೀಲದ ಹಾಗೆ ಅಂಗಳಕ್ಕೆ ಬಂತು. ಕಣ್ಣು ತೆರೆದಿದ್ದವು, ಕಿವಿಯಲ್ಲಿ ಜೋಳದ ಕಾಳು. ಕಾಕಾ ಎದೆ ಒತ್ತಿದ. ಎಷ್ಟೋ ಹೊತ್ತಿಗೆ ಗೊರಕೆಯಂಥ ಒಂದು ಉಸಿರು ಬಂತು. ಟ್ರ್ಯಾಕ್ಟರಿನ ಸಾಮಾನೆಲ್ಲ ಅಂಗಳಕ್ಕೆ ಎಸೆದು ಅದರಲ್ಲೇ ಅವನನ್ನು ಬೀಳಗಿಗೆ ಒಯ್ದರು, ಅಲ್ಲಿಂದ ಬಾಗಲಕೋಟೆಗೆ.

ಟ್ರ್ಯಾಕ್ಟರ್ ಹತ್ತುವ ಮೊದಲು ದೊಡ್ಡವ್ವ ಓಡಿ ಬಂದು ನನ್ನ ಕೂದಲು ಹಿಡಿದಳು. "ಕರಿನಾಲಿಗಿ! ಸಾಯ್ತಾರ ಸಾಯ್ತಾರ ಅಂತ ಅಂದ ಅಂದ ಕೊಂದಿ ನನ್ನ ಮಗನ್ನ!" ಕರಿನಾಲಿಗೆಯವರು ಆಡಿದ್ದು ಆಗಿಯೇ ತೀರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಹೇಳಿದ್ದು ಆಗಿತ್ತು. ಬಕೀಟಿನಿಂದ ಸೇದಿದ್ದೂ ಈಗ ಮಂದಿಗೆ ಬೇರೆಯಾಗಿ ಕಾಣತೊಡಗಿತು. ಖಾಲಿ ಬಕೀಟಿನಿಂದ ಏನು ತೆಗೆದಳು, ಎಲ್ಲಿ ಚೆಲ್ಲಿದಳು, ಬಾಯಲ್ಲಿ ಏನು ಎಣಿಸುತ್ತಿದ್ದಳು ಎಂದು ಪಿಸುಗುಟ್ಟಿದರು. ಬೆಳಗ್ಗೆ ನನ್ನನ್ನು ಯವ್ವಾ ಎಂದು ಮಾತಾಡಿಸಿದ್ದ ಹೆಂಗಸರು ನಾನು ನೀರು ಕುಡಿದ ತಂಬಿಗೆ ಒಳಗೆ ಒಯ್ಯಲಿಲ್ಲ, ಹಿತ್ತಲಿಗೆ ಎಸೆದರು.

ಮರುದಿನ ದೊಡ್ಡಪ್ಪ ಆಸ್ಪತ್ರೆಯಿಂದ ಹೇಳಿ ಕಳಿಸಿದ. ತಾಯಿಮಗಳು ತಾನು ಬರುವುದರೊಳಗೆ ಮನೆ ಬಿಟ್ಟಿರಬೇಕು, ಹೊಸ ಊರಿನ ಕಡೆ ಕಾಲಿಡಬಾರದು. ಮನೆಗೆ ಆಗಲೇ ಬಾಗಿಲಿರಲಿಲ್ಲ, ಬಿಡುವುದೇನೂ ಕಷ್ಟವಾಗಲಿಲ್ಲ. ಅವ್ವ ಗಂಟು ಕಟ್ಟಿದಳು. ಕಾಕಾ ನಮ್ಮನ್ನು ಬಸ್ಸಿನ ತನಕ ಕಳಿಸಿ ಬಂದ. ಆ ಕಾರಣಕ್ಕೆ ಅವನಿಗೂ ಆ ಮನೆಯ ಕೆಲಸ ತಪ್ಪಿತು ಎಂದು ಆಮೇಲೆ ಕೇಳಿದೆವು.

ಜಮಖಂಡಿಯಲ್ಲಿ ಮಾವನ ಮನೆಯ ಹಿಂದಿನ ತಗಡಿನ ಖೋಲಿಯಲ್ಲಿ ನಾವಿಬ್ಬರೂ ಉಳಿದೆವು. ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ಬಿಎಸ್ಸಿ ಮುಗಿಸಿ, ಧಾರವಾಡದಲ್ಲಿ ಎಂಎಸ್ಸಿ ಮಾಡಿ, ತಿರುಗಿ ಜಮಖಂಡಿಗೇ ಬಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಲು ಸೇರಿದೆ. ಅಣ್ಣ ಸತ್ತಿರಲಿಲ್ಲ. ಉಸಿರು ಉಳಿದಿತ್ತು, ಮಿದುಳು ಉಳಿದಿರಲಿಲ್ಲ. ತಿನ್ನಿಸಿದರೆ ನುಂಗುತ್ತಾನೆ, ಕೂರಿಸಿದಲ್ಲಿ ಕೂರುತ್ತಾನೆ, ಮಾತಿಲ್ಲ, ಬಟ್ಟೆಯ ಮೇಲೆ ಹೇಸಿಗೆ ಎಂದು ಊರಿನಿಂದ ಬಂದವರು ಹೇಳುತ್ತಿದ್ದರು. ಗೊತ್ತಾಗಿದ್ದ ಮದುವೆ ಮುರಿಯಿತು. ಹೇಳಲು ಬಂದವರು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದರು. ನಾನು ಅವರಿಗೆ ಏನೂ ತೋರಿಸಲಿಲ್ಲ.

ಎಷ್ಟೋ ವರ್ಷದ ಮೇಲೆ, ಒಂದು ಮಧ್ಯಾಹ್ನ, ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಿಗೆ ಒಬ್ಬ ಹುಡುಗಿ ಬಂದು ನಿಂತಳು. ಸೊರಗಿದ ಮುಖ, ಕೊರಳಲ್ಲಿ ತಾಳಿ. ವಿದ್ಯಾರ್ಥಿಯ ಮನೆಯವರಿರಬೇಕು ಎಂದುಕೊಂಡೆ. ದೊಡ್ಡಪ್ಪನ ಸೊಸೆ ಎಂದು ಹೇಳಿಕೊಂಡಳು. ನನಗೆ ಅರ್ಥವಾಗಲಿಲ್ಲ. ಅವನಿಗೆ ಇದ್ದವನು ಒಬ್ಬನೇ ಮಗ.

"ಅವರಿಗೇ ಕೊಟ್ಟಾರ್ರಿ ನನ್ನ," ಎಂದಳು.

ದೂರದ ಊರಿನ ತಬ್ಬಲಿ ಹುಡುಗಿ. ದೊಡ್ಡವ್ವ ತೀರಿಕೊಂಡ ಮೇಲೆ ಮಗನ ಹೇಸಿಗೆ ಬಳಿಯಲು ಯಾರೂ ಇರಲಿಲ್ಲ. ಹುಡುಗನಿಗೆ ಜ್ವರ ಬಂದಿದೆ, ಅದಕ್ಕೇ ಮಂಕಾಗಿದ್ದಾನೆ ಎಂದು ಹೇಳಿ ಕೂರಿಸಿ ತಾಳಿ ಕಟ್ಟಿಸಿದ್ದರು. ತಾಳಿಯ ಗಂಟನ್ನೂ ದೊಡ್ಡಪ್ಪನೇ ಅವನ ಕೈ ಹಿಡಿದು ಹಾಕಿಸಿದನಂತೆ. ಒಂದು ವಾರದಲ್ಲಿ ಇವಳಿಗೆ ತಿಳಿಯಿತು. ಕೇಳಿದ್ದಕ್ಕೆ ದೊಡ್ಡಪ್ಪ ನನ್ನ ಮತ್ತು ಅವ್ವನ ಹೆಸರು ಹೇಳಿದ್ದ. ಮಾಟ ಮಾಡಿದವರು ಅವರು, ತೆಗೆಯುವವರೆಗೆ ನೀನು ಸೇವೆ ಮಾಡಬೇಕು ಎಂದಿದ್ದ.

"ಅದಕ್ಕ ಬಂದೇನ್ರಿ, ಅಕ್ಕಾರ. ಅದೇನ್ ಮಾಡೀರಿ, ತಗದಬಿಡ್ರಿ. ನಿಮ್ಮ ಕಾಲ ಬೀಳ್ತೇನಿ." ನಿಜಕ್ಕೂ ಬಗ್ಗಿದಳು.

ಅವಳನ್ನು ಎಬ್ಬಿಸಿ ಲ್ಯಾಬಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ. ಅಮೃತಶಿಲೆಯ ಚೂರಿಗೆ ಆಮ್ಲ ಹಾಕಿ ಬಂದ ಅನಿಲವನ್ನು ಒಂದು ಗಾಜಿನ ಜಾಡಿಯಲ್ಲಿ ತುಂಬಿದೆ. ಜಾಡಿ ಬರಿದಾಗಿಯೇ ಕಾಣುತ್ತಿತ್ತು. ಮೇಣದ ಬತ್ತಿ ಹಚ್ಚಿ ಇನ್ನೊಂದು ಜಾಡಿಯ ತಳದಲ್ಲಿಟ್ಟು, ಮೊದಲನೆಯದನ್ನು ಅದರ ಮೇಲೆ ನೀರು ಬಗ್ಗಿಸುವ ಹಾಗೆ ಬಗ್ಗಿಸಿದೆ. ಉರಿ ಸಣ್ಣಗಾಗಿ ಆರಿತು. ಅವಳು ಹೆದರಿ ಹಿಂದೆ ಸರಿದಳು. "ಇಷ್ಟೇ ಮಾಟ," ಎಂದೆ. "ನೀನೂ ಮಾಡಿ ನೋಡು." ಅವಳ ಕೈಗೆ ಜಾಡಿ ಕೊಟ್ಟೆ. ಅವಳು ಬಗ್ಗಿಸಿದಳು. ಅವಳ ಕೈಯಲ್ಲೂ ಆರಿತು. ಆಮೇಲೆ ಹಗೇವಿನಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳಿದೆ, ಅವ್ವನ ರಟ್ಟೆ ಹಿಡಿದು ಎಳೆದದ್ದೂ ಸೇರಿ.

ಅವಳು ಜಾಡಿಯನ್ನು ಮೇಜಿನ ಮೇಲಿಟ್ಟು ಕೇಳಿದಳು. "ಹಂಗಾರ ಇದು ಎಂದೂ ಛಲೋ ಆಗೂದಿಲ್ರಿ?"

"ಇಲ್ಲ."

"ನಾ ಸಾಯೂತನಕ ಬಳಿಬೇಕೇನ್ರಿ?"

"ಅದು ನಿನ್ನ ಮ್ಯಾಲ ಐತಿ."

ಅವಳು ಆ ಊರಿಗೆ ಹಿಂದಿರುಗಲಿಲ್ಲ. ಬನಹಟ್ಟಿಯಲ್ಲಿ ಅವ್ವನಿಗೆ ಗುರುತಿನ ನೇಕಾರರ ಮನೆಯಿತ್ತು. ಅಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಅವಳನ್ನು ಅವ್ವನೇ ಕರೆದೊಯ್ದು ಬಿಟ್ಟು ಬಂದಳು. ಈಗ ಅವಳೇ ಪವರ್‌ಲೂಮ್ ನಡೆಸುತ್ತಾಳೆ. ತಾಳಿ ಯಾವಾಗ ತೆಗೆದಳೋ ನಾನು ಕೇಳಲಿಲ್ಲ.

ಸುದ್ದಿ ಮುಟ್ಟಿದ ಮೇಲೆ ದೊಡ್ಡಪ್ಪ ನಮ್ಮ ಮನೆಗೆ ಬಂದ. ಮಗನನ್ನೂ ಕರೆತಂದಿದ್ದ, ಯಾರ ಹತ್ತಿರ ಬಿಡುವುದು? ಅಣ್ಣ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದ. ಜೊಲ್ಲನ್ನು ದೊಡ್ಡಪ್ಪ ತನ್ನ ಧೋತರದ ತುದಿಯಿಂದ ಒರೆಸುತ್ತಿದ್ದ. ಮೊದಲು ಬೈದ. ಮನೆ ಮುರಿದವರು, ಸೊಸೆಯನ್ನು ಓಡಿಸಿದವರು ಎಂದ. ಆಮೇಲೆ ದನಿ ಇಳಿಯಿತು.

"ನನಗ ಎತ್ತಿ ಜಳಕಾ ಮಾಡಸಾಕ ಆಗವಲ್ತು," ಎಂದ ಅವ್ವನಿಗೆ. "ಆಕೀನ ಹೊಳ್ಳಿ ಕಳಸು. ಇಲ್ಲಂದ್ರ ನೀನರೆ ಬಾ. ಮನಿ ಐತಿ, ನಾಲ್ಕ ಖೋಲಿ ಅದಾವು."

ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು, ಕಟ್ಟೆಯ ಮೇಲಿದ್ದ ಅಣ್ಣನನ್ನು ನೋಡಿದಳು. ಕಲ್ಲೊಂದನ್ನು ಆರಿಸಿ ಹೊರಗೆಸೆದಳು.

"ಬೀಳಗಿ ಬಸ್ ಈಗ ಐತ್ರಿ ಭಾವಾರ," ಎಂದಳು. "ತಪ್ಪಿದ್ರ ಕತ್ತಲಾಗತೈತಿ."

ಅವನು ಮಗನ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ. ನಾನು ಬಾಗಿಲಲ್ಲಿ ನಿಂತಿದ್ದೆ, ಅವ್ವ ಮೊರ ಇಡಲಿಲ್ಲ. ಕೊನೆಗೆ ಓಣಿಯಲ್ಲಿ ಹೋಗುತ್ತಿದ್ದ ಯಾರೋ ಕೈ ಕೊಟ್ಟು ಎಬ್ಬಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಆತು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅವ್ವ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಅವತ್ತು ನಾವಿಬ್ಬರೂ ಹೊಟ್ಟೆ ತುಂಬ ಉಂಡೆವು.